ಉದ್ದ ತಂತಿವಾದ್ಯ: ಎಷ್ಟು ಬಿಗಿದರೂ ಸ್ವರ ಏರುವುದಿಲ್ಲ ಏಕೆ?

ಪ್ರಶ್ನೆ | ಸಾಗರದ ಪಿಟೀಲು

ಎಲ್ಲರಿಗೂ ನಮಸ್ಕಾರ. ಅಮೆರಿಕದ ಎಲೆನ್ ಫುಲ್‌ಮನ್ ಎಂಬ ಕಲಾವಿದೆಯ ಉದ್ದ ತಂತಿವಾದ್ಯದ ವಿಡಿಯೊಗಳನ್ನು ಕಳೆದ ಒಂದು ತಿಂಗಳಿಂದ ಬಿಡದೆ ನೋಡುತ್ತಿದ್ದೇನೆ. ಸಭಾಂಗಣದ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ, ಸುಮಾರು 20 ಮೀಟರ್ ಉದ್ದಕ್ಕೆ, ಸೊಂಟದೆತ್ತರದಲ್ಲಿ ಹತ್ತಾರು ತಂತಿಗಳನ್ನು ಎಳೆದು ಕಟ್ಟಿರುತ್ತಾರೆ. ಅವುಗಳ ನಡುವೆ ಆಕೆ ಎರಡೂ ಕೈಗಳ ಬೆರಳುಗಳಿಂದ ತಂತಿಗಳನ್ನು ಸವರುತ್ತಾ ಬಹಳ ನಿಧಾನವಾಗಿ ನಡೆಯುತ್ತಾರೆ. ಹತ್ತು ತಂಬೂರಿಗಳನ್ನು ಒಟ್ಟಿಗೆ ಮೀಟಿದರೂ ಆ ನಾದ ಹುಟ್ಟಲಾರದು ಎಂದು ನನಗೆ ಅನ್ನಿಸಿತು.

ನಾನು ಹದಿನಾಲ್ಕು ವರ್ಷಗಳಿಂದ ಕರ್ನಾಟಕ ಸಂಗೀತದ ಪಿಟೀಲು ಅಭ್ಯಾಸ ಮಾಡುತ್ತಿದ್ದೇನೆ. ನಮ್ಮ ಮನೆಯ ಹಿಂದೆ ಅಡಿಕೆ ತುಂಬಿಡುತ್ತಿದ್ದ ಹಳೆಯ ಗೋದಾಮು ಈಗ ಖಾಲಿ ಇದೆ. ಅದರ ಎರಡು ಕಂಬಗಳ ನಡುವೆ ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ತಂತಿಯೊಂದನ್ನು ಕಟ್ಟಿ, ಒಂದು ತುದಿಯನ್ನು ಹಲಸಿನ ಮರದ ಹಳೆಯ ಪೆಟ್ಟಿಗೆಯೊಂದರ ಹಲಗೆಗೆ ಸಿಕ್ಕಿಸಿದೆ. ಮಿಡಿಯುವ ತಂತಿಯ ಅಳತೆ 12 ಮೀಟರ್ 20 ಸೆಂಟಿಮೀಟರ್.

ಮೊದಲು ಬೆರಳಿನಿಂದ ಮೀಟಿದೆ. ಸ್ವರವೇ ಇಲ್ಲ, ಹಗ್ಗ ಬಡಿದಂತೆ ದಪದಪ ಸದ್ದು ಮಾತ್ರ. ಆಮೇಲೆ ಕಮಾನಿಗೆ ಹಚ್ಚುವ ರಾಳವನ್ನು ಬೆರಳಿಗೆ ತಿಕ್ಕಿಕೊಂಡು ತಂತಿಯನ್ನು ಉದ್ದುದ್ದಕ್ಕೆ ಎಳೆದು ಸವರಿದಾಗ, ಪೆಟ್ಟಿಗೆಯ ಕಡೆಯಿಂದ ತುಂಬು ಸ್ವರವೊಂದು ಎದ್ದು ಬಂತು. ಮೈ ಜುಮ್ಮೆಂದಿತು. ಟ್ಯೂನರ್ 207 ಹರ್ಟ್ಸ್ ತೋರಿಸಿತು. ಅದನ್ನು ನನ್ನ ಶ್ರುತಿಗೆ ಹೊಂದಿಸೋಣವೆಂದು ತಂತಿ ಬಿಗಿಯುವ ತಿರುಪಾದ ಟರ್ನ್‌ಬಕಲನ್ನು ಆರು ಸುತ್ತು ಬಿಗಿದೆ. ಸ್ವರ ಇದ್ದಲ್ಲೇ ಇತ್ತು. ಸಡಿಲಿಸಿದೆ, ಆಗಲೂ ಇದ್ದಲ್ಲೇ ಇತ್ತು.

ಬಿರಡೆ ತಿರುಗಿಸಿದರೆ ಶ್ರುತಿ ಏರುತ್ತದೆ ಎಂಬುದು ನಾನು ವಾದ್ಯ ಹಿಡಿದ ಮೊದಲ ದಿನವೇ ಕಲಿತ ಪಾಠ. ಇಲ್ಲಿ ಅದು ಏಕೆ ಸುಳ್ಳಾಗುತ್ತಿದೆ? ಬಿಗಿದು ಶ್ರುತಿ ಮಾಡಲಾಗದ ವಾದ್ಯವನ್ನು ಶ್ರುತಿ ಮಾಡುವುದಾದರೂ ಹೇಗೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1 | ನಿವೃತ್ತ ಉಪನ್ಯಾಸಕ, ಹಾಸನ

ನಿಮ್ಮ ಪ್ರಯೋಗದಲ್ಲಿ ಯಾವ ತಪ್ಪೂ ಆಗಿಲ್ಲ. ನೀವು ಒಂದೇ ತಂತಿಯಿಂದ ಎರಡು ಬೇರೆ ಬೇರೆ ಜಾತಿಯ ಅಲೆಗಳನ್ನು ಎಬ್ಬಿಸಿದ್ದೀರಿ. ಎರಡರ ನಿಯಮಗಳೂ ಬೇರೆ.

ಮೀಟಿದಾಗ ತಂತಿ ಅಡ್ಡಡ್ಡಕ್ಕೆ ಆಡುತ್ತದೆ. ವೀಣೆ, ಪಿಟೀಲು, ತಂಬೂರಿ ಎಲ್ಲವೂ ಈ ಅಡ್ಡ ತರಂಗದ ವಾದ್ಯಗಳು. ಅಲ್ಲಿ ಅಲೆಯ ವೇಗವನ್ನು ನಿರ್ಧರಿಸುವುದು ತಂತಿಯ ಬಿಗಿತ ಮತ್ತು ತೂಕ. ನೀವು ಹೇಳಿದ ದಪ್ಪದ ಉಕ್ಕಿನ ತಂತಿಗೆ ಸುಮಾರು 5 ಕಿಲೋ ತೂಕದಷ್ಟು ಸೆಳೆತ ಕೊಟ್ಟರೆ ಅಡ್ಡ ತರಂಗ ಸೆಕೆಂಡಿಗೆ 180 ಮೀಟರಿನ ಆಸುಪಾಸಿನಲ್ಲಿ ಓಡುತ್ತದೆ. ಅದನ್ನು ತಂತಿಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಬರುವುದು ಸೆಕೆಂಡಿಗೆ ಏಳು ಕಂಪನ. ನಮ್ಮ ಕಿವಿಗೆ 20ಕ್ಕಿಂತ ಕೆಳಗಿನ ಕಂಪನ ಸ್ವರವಾಗಿ ಕೇಳಿಸುವುದಿಲ್ಲ. ನಿಮಗೆ ಕೇಳಿಸಿದ ದಪದಪ ಸದ್ದು ಅದೇ.

ರಾಳ ಹಚ್ಚಿ ಉದ್ದುದ್ದಕ್ಕೆ ಸವರಿದಾಗ ತಂತಿ ಪಕ್ಕಕ್ಕೆ ಆಡುವುದಿಲ್ಲ. ಲೋಹವೇ ತನ್ನ ಉದ್ದದ ಗುಂಟ ಹಿಗ್ಗಿ ಕುಗ್ಗುತ್ತದೆ. ಇದು ನೀಳ ತರಂಗ, ಗಾಳಿಯಲ್ಲಿ ಶಬ್ದ ಸಾಗುವ ಬಗೆಯದೇ. ಇದರ ವೇಗ ಲೋಹದ ಸ್ಥಿತಿಸ್ಥಾಪಕತೆ ಮತ್ತು ಸಾಂದ್ರತೆಯನ್ನು ಅವಲಂಬಿಸಿದೆಯೇ ಹೊರತು ಬಿಗಿತವನ್ನಲ್ಲ. ಉಕ್ಕಿನಲ್ಲಿ ಅದು ಸೆಕೆಂಡಿಗೆ ಸುಮಾರು 5050 ಮೀಟರ್, ಹಿತ್ತಾಳೆಯಲ್ಲಿ ಸುಮಾರು 3400 ಮೀಟರ್. ಈಗ 5050ನ್ನು 12.2ರ ಎರಡರಷ್ಟರಿಂದ, ಅಂದರೆ 24.4ರಿಂದ ಭಾಗಿಸಿ ನೋಡಿ. ನಿಮ್ಮ ಟ್ಯೂನರ್ ತೋರಿಸಿದ 207 ಅಲ್ಲಿಯೇ ಸಿಗುತ್ತದೆ. ನೀವು ಬಿಗಿತ ಬದಲಿಸಿದಿರಿ, ಆದರೆ ಉಕ್ಕು ಉಕ್ಕಾಗಿಯೇ ಉಳಿಯಿತು, ಉದ್ದವೂ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಹಾಗಾಗಿ ಸ್ವರವೂ ಉಳಿಯಿತು. ತಂತಿ ಜೋಲು ಬೀಳದಷ್ಟು, ಕೈ ಸವರಿದಾಗ ಬಾಗದಷ್ಟು ಬಿಗಿತವಿದ್ದರೆ ಸಾಕು.

ಈ ವಾದ್ಯ ಇಷ್ಟು ಉದ್ದ ಏಕೆ ಎಂಬುದಕ್ಕೂ ಇದರಲ್ಲೇ ಉತ್ತರವಿದೆ. ಮೀಟರ್ ಉದ್ದದ ಉಕ್ಕಿನ ತಂತಿಯೊಂದನ್ನು ರಾಳದ ಬಟ್ಟೆಯಿಂದ ಉದ್ದಕ್ಕೆ ಉಜ್ಜಿದರೆ ಸುಮಾರು 2500 ಹರ್ಟ್ಸಿನ ಕೀರಲು ಧ್ವನಿ ಬರುತ್ತದೆ. ಅದೇ ಅಲೆಯನ್ನು ಮನುಷ್ಯನ ಕಂಠದ ಎತ್ತರಕ್ಕೆ ಇಳಿಸಬೇಕಾದರೆ ತಂತಿಯನ್ನು ಹತ್ತು, ಹದಿನೈದು, ಇಪ್ಪತ್ತು ಮೀಟರ್ ಎಳೆಯದೆ ಬೇರೆ ದಾರಿಯಿಲ್ಲ. ಬೆರಗುಗೊಳಿಸಲೆಂದು ಮಾಡಿದ ಗಾತ್ರ ಇದಲ್ಲ, ಲೋಹದಲ್ಲಿ ಶಬ್ದದ ವೇಗ ಅಷ್ಟಿರುವುದರಿಂದ ವಾದ್ಯಕ್ಕೆ ಆ ಅಳತೆ ಬಂದಿದೆ.

ಒಂದು ನೆನಪನ್ನು ಇಲ್ಲಿ ಬರೆಯಲೇಬೇಕು. ಪ್ರಯೋಗಾಲಯದಲ್ಲಿ ಕುಂಟ್ ನಳಿಗೆಯ ಪ್ರಯೋಗವನ್ನು ನಾನು ಮೂವತ್ತು ವರ್ಷ ಮಾಡಿಸಿದ್ದೇನೆ. ಜರ್ಮನಿಯ ಆಗಸ್ಟ್ ಕುಂಟ್ 1866ರಲ್ಲಿ ರೂಪಿಸಿದ್ದು ಅದು. ಲೋಹದ ಸರಳನ್ನು ನಡುಮಧ್ಯೆ ಬಿಗಿದು, ರಾಳ ಸವರಿದ ಬಟ್ಟೆಯಿಂದ ಉದ್ದಕ್ಕೆ ಎಳೆದಾಗ ಸರಳು ಕಿರುಚುತ್ತದೆ, ಗಾಜಿನ ನಳಿಗೆಯೊಳಗಿನ ಬೆಂಡಿನ ಪುಡಿ ಸಾಲುಸಾಲು ಗುಪ್ಪೆಗಳಾಗಿ ನಿಲ್ಲುತ್ತದೆ. ಆ ಕಿರುಚಾಟಕ್ಕೆ ಹುಡುಗರು ಕಿವಿ ಮುಚ್ಚಿಕೊಳ್ಳುತ್ತಿದ್ದರು, ನಾನೂ ಗುಪ್ಪೆಗಳ ನಡುವಿನ ಅಂತರವನ್ನಷ್ಟೇ ಅಳೆದು ಮುಂದಕ್ಕೆ ಹೋಗುತ್ತಿದ್ದೆ. ಅದೇ ತತ್ತ್ವದಿಂದ ಒಬ್ಬಾಕೆ ನಾಲ್ಕು ದಶಕಗಳಿಂದ ಸಂಗೀತ ಕಟ್ಟುತ್ತಿದ್ದಾರೆಂಬುದು ನಿಮ್ಮ ಪ್ರಶ್ನೆ ಓದಿದ ಮೇಲೆ ನನಗೆ ತಿಳಿಯಿತು. ನಿನ್ನೆ ರಾತ್ರಿ ಬಹಳ ಹೊತ್ತು ಕೇಳುತ್ತಾ ಕುಳಿತಿದ್ದೆ.

ಶ್ರುತಿ ಮಾಡುವ ಬಗೆಯನ್ನು ವಾದ್ಯ ಕಂಡವರು ಹೇಳಿದರೆ ಒಳ್ಳೆಯದು. ತತ್ತ್ವವನ್ನು ಮಾತ್ರ ಹೇಳುತ್ತೇನೆ: ಇಲ್ಲಿ ಸ್ವರವೆಂದರೆ ಉದ್ದ. ಪೂರ್ತಿ ತಂತಿ ಷಡ್ಜವಾದರೆ ಅದರ ಮೂರರಲ್ಲಿ ಎರಡು ಭಾಗ ಪಂಚಮ, ನಾಲ್ಕರಲ್ಲಿ ಮೂರು ಭಾಗ ಶುದ್ಧ ಮಧ್ಯಮ, ಐದರಲ್ಲಿ ನಾಲ್ಕು ಭಾಗ ಅಂತರ ಗಾಂಧಾರ, ಅರ್ಧ ತಾರ ಷಡ್ಜ. 12 ಮೀಟರಿನ ಷಡ್ಜಕ್ಕೆ ಪಂಚಮ 8 ಮೀಟರ್, ಮಧ್ಯಮ 9 ಮೀಟರ್, ಗಾಂಧಾರ 9 ಮೀಟರ್ 60 ಸೆಂಟಿಮೀಟರ್. ಗಾರೆ ಕೆಲಸದವರ ಟೇಪು ಹಿಡಿದು ನೆಲದ ಮೇಲೆ ಸ್ವರಸ್ಥಾನಗಳನ್ನು ಗುರುತು ಮಾಡಬಹುದು.

ಉತ್ತರ 2 | ಬೇ ಏರಿಯಾ ಕನ್ನಡತಿ

ನಾನು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದೇನೆ. ಕೆಲವು ವರ್ಷಗಳ ಹಿಂದೆ ಫುಲ್‌ಮನ್ ಅವರ ವಾದನವನ್ನು ಎದುರಿಗೇ ಕೂತು ಕೇಳುವ ಅವಕಾಶ ನನಗೆ ಸಿಕ್ಕಿತ್ತು. ಉಪನ್ಯಾಸಕರು ಹೇಳಿದ ಲೆಕ್ಕವನ್ನು ಓದಿದಾಗ ಆ ಸಂಜೆ ಕಂಡದ್ದೆಲ್ಲ ಮತ್ತೆ ಅರ್ಥವಾದಂತಾಯಿತು.

ಮೊದಲು ಶ್ರುತಿಯ ವಿಷಯ. ಪ್ರತಿ ತಂತಿಯ ಮೇಲೂ ಲೆಕ್ಕದ ಜಾಗದಲ್ಲಿ ಲೋಹದ ಸಣ್ಣ ಕ್ಲ್ಯಾಂಪ್ ಕಚ್ಚಿಸಿರುತ್ತಾರೆ. ಗಿಟಾರ್ ನುಡಿಸುವವರು ಮೆಟ್ಟಿಲುಗಳ ಮೇಲೆ ತಂತಿ ಒತ್ತಿಹಿಡಿಯುವ ಕೇಪೊ ಎಂಬ ಹಿಡಿಕೆ ಸಿಕ್ಕಿಸುವಂತೆ, ಅಲೆ ಅಲ್ಲಿಂದ ಹಿಂದಕ್ಕೆ ತಿರುಗುತ್ತದೆ. ಹೀಗೆ ತಂತಿಗಳೆಲ್ಲ ಗೋಡೆಯಿಂದ ಗೋಡೆಗೆ ಒಂದೇ ಸಮ ಕಂಡರೂ ನುಡಿಯುವ ಉದ್ದ ಒಂದೊಂದಕ್ಕೂ ಬೇರೆ. ಕ್ಲ್ಯಾಂಪನ್ನು ಸರಿಸುವುದೇ ಶ್ರುತಿ ಮಾಡುವ ಕ್ರಮ. ಪಿಯಾನೊದಂತೆ ಸಮಾನ ಅಂತರದ ಹನ್ನೆರಡು ಸ್ವರಗಳನ್ನು ಅವರು ಬಳಸುವುದಿಲ್ಲ. ಸಣ್ಣ ಪೂರ್ಣಾಂಕಗಳ ಅನುಪಾತದಲ್ಲಿ, ನಮ್ಮ ತಂಬೂರಿಯ ಷಡ್ಜ ಪಂಚಮಗಳು ಕೂಡುವ ಹಾಗೆ, ಶುದ್ಧ ಶ್ರುತಿಯಲ್ಲಿ ಕೂಡಿಸುತ್ತಾರೆ. ಟೆಕ್ಸಸ್‌ನ ಆಸ್ಟಿನ್‌ನಲ್ಲಿದ್ದಾಗ ಅವರು ಹಿಂದೂಸ್ತಾನಿ ಗಾಯನವನ್ನು ಅಭ್ಯಾಸ ಮಾಡಿದ್ದರು. ನಮ್ಮ ಕಿವಿಗೆ ಆ ನಾದ ಬೇಗ ಹತ್ತಿರವಾಗುವುದಕ್ಕೆ ಇದೂ ಒಂದು ಕಾರಣವಿರಬಹುದು.

ಇನ್ನು ನಡಿಗೆ. ವಿಡಿಯೊದಲ್ಲಿ ನಡಿಗೆಯನ್ನು ನೋಡಿ ಅದು ರಂಗದ ಮೇಲಿನ ಅಭಿನಯದ ಭಾಗ ಎಂದು ನಾನು ಭಾವಿಸಿದ್ದೆ. ಎದುರಿಗೆ ಕೂತಾಗ ಗೊತ್ತಾಯಿತು, ನಡಿಗೆಯೇ ಕಮಾನು. ನೀವು ಪಿಟೀಲಿನವರಾದ್ದರಿಂದ ಈ ಮಾತು ನಿಮಗೆ ಬೇಗ ತಲುಪುತ್ತದೆ. ನಿಮ್ಮ ಕಮಾನಿನ ಕೂದಲು 65 ಸೆಂಟಿಮೀಟರ್ ಇದ್ದೀತು, ಅದು ಮುಗಿದ ಕೂಡಲೇ ಕೈಯನ್ನು ಹಿಂದಕ್ಕೆ ತಿರುಗಿಸಬೇಕು. ಇಲ್ಲಿ ಕಮಾನು ಸಭಾಂಗಣದಷ್ಟು ಉದ್ದ. ಆಕೆ ಬೆರಳುಗಳನ್ನು ಎತ್ತದೆ ನಡೆದಷ್ಟು ಹೊತ್ತೂ ಸ್ವರ ತುಂಡಾಗುವುದಿಲ್ಲ. ಕೈ ನಿಂತಲ್ಲೇ ನಿಂತರೆ ಸ್ವರ ಸಾಯುತ್ತದೆ, ಅವಸರಿಸಿದರೆ ಒಡೆಯುತ್ತದೆ.

ಆಕೆ ನನ್ನ ಪಕ್ಕದಲ್ಲಿ ಹಾದುಹೋಗುವಾಗ ಕೈಗಳನ್ನು ಹತ್ತಿರದಿಂದ ನೋಡಿದೆ. ಬೆರಳ ತುದಿಗಳು ರಾಳದ ಪುಡಿಯಿಂದ ಬೆಳ್ಳಗಾಗಿದ್ದವು. ಹೆಬ್ಬೆರಳೂ ತೋರುಬೆರಳೂ ತಂತಿಯನ್ನು ಹಿಡಿದಿದ್ದವೋ ಮುಟ್ಟಿದ್ದವೋ ಹೇಳಲಾಗದಷ್ಟು ಹಗುರವಾಗಿ ಸಾಗುತ್ತಿದ್ದವು. ತಂತಿ ಮಾತ್ರ ಅಲುಗುತ್ತಿರಲಿಲ್ಲ. ನಿಶ್ಚಲವಾಗಿ ಕಾಣುವ ತಂತಿ, ಇಡೀ ಕೋಣೆ ತುಂಬಿದ ನಾದ, ಕಾಲ ಕೆಳಗಿನ ಮರದ ನೆಲದಲ್ಲಿ ಸಣ್ಣಗೆ ನಡುಕ. ಪಕ್ಕದಲ್ಲಿದ್ದ ನನ್ನ ಮಗಳು ಕುರ್ಚಿಯ ತೋಳಿಗೆ ಅಂಗೈ ಒತ್ತಿಕೊಂಡು ಕೊನೆಯವರೆಗೂ ಹಾಗೆಯೇ ಕುಳಿತಿದ್ದಳು.

ಆಕೆ ಎಲ್ಲಿದ್ದಾರೆ ಎಂಬುದರ ಮೇಲೆ ನಾದದ ಬಣ್ಣ ಬದಲಾಗುತ್ತದೆ. ತಂತಿಯ ನಡುವಿನಲ್ಲಿ ಸವರುವಾಗ ಒಂದು ತೆರ, ಮೂರನೇ ಒಂದು ಭಾಗಕ್ಕೆ ಬಂದಾಗ ಇನ್ನೊಂದು ತೆರ, ತುದಿಯ ಹತ್ತಿರ ಹೋದಂತೆ ಮೇಲಿನ ಉಪಸ್ವರಗಳು (ಮೂಲ ಸ್ವರದೊಳಗೇ ಸೇರಿ ಕೇಳುವ ಎತ್ತರದ ಸ್ವರಗಳು) ಒಂದರ ಹಿಂದೊಂದು ತೆರೆದುಕೊಳ್ಳುತ್ತವೆ. ಅವರು ಬರೆಯುವ ಸ್ವರಲಿಪಿಯಲ್ಲಿ ಆದ್ದರಿಂದಲೇ ಯಾವ ತಂತಿ ಎಂಬುದರ ಜೊತೆಗೆ ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿನಲ್ಲಿ ನಡೆಯಬೇಕು ಎಂಬುದೂ ಇರುತ್ತದೆ.

ಫುಲ್‌ಮನ್ ಅವರ ಹಿನ್ನೆಲೆ ತಿಳಿದರೆ ನಡಿಗೆಗೆ ಇಷ್ಟು ಮಹತ್ವ ಏಕೆಂದು ಸ್ಪಷ್ಟವಾಗುತ್ತದೆ. 1957ರಲ್ಲಿ ಮೆಂಫಿಸ್‌ನಲ್ಲಿ ಹುಟ್ಟಿದ ಅವರು ಕಾನ್ಸಾಸ್ ಸಿಟಿಯ ಕಲಾಶಾಲೆಯಲ್ಲಿ ಕಲಿತದ್ದು ಶಿಲ್ಪಕಲೆಯನ್ನು, ಸಂಗೀತವನ್ನಲ್ಲ. 1980ರಲ್ಲಿ ಲೋಹದ ನೆರಿಗೆ ಲಂಗವೊಂದನ್ನು ಮಾಡಿ, ಅದರ ಅಂಚಿನಿಂದ ಪಾದರಕ್ಷೆಗಳ ತುದಿಗೂ ಹಿಮ್ಮಡಿಗೂ ಗಿಟಾರ್ ತಂತಿಗಳನ್ನು ಕಟ್ಟಿ, ಮಿನಿಯಾಪೊಲಿಸ್‌ನ ಬೀದಿಯಲ್ಲಿ ನಡೆದಿದ್ದರು. ಹೆಜ್ಜೆ ಹಾಕಿದಂತೆ ತಂತಿ ಬಿಗಿದು ಸಡಿಲಿ, ಸ್ವರ ಜಾರುತ್ತಾ ಏರಿ ಇಳಿಯುತ್ತಿತ್ತು. ಆಗ ವಾದ್ಯ ಮೈಮೇಲಿತ್ತು. ಮರುವರ್ಷಗಳಲ್ಲಿ ಉದ್ದ ತಂತಿಗಳೊಡನೆ ಪ್ರಯೋಗಕ್ಕೆ ತೊಡಗಿದಾಗ ಅವರೇ ವಾದ್ಯದ ಒಳಗೆ ನಡೆಯುವಂತಾಯಿತು. 1985ರಲ್ಲಿ ನೆದರ್‌ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಧ್ವನಿಮುದ್ರಿಸಿದ ಮೊದಲ ಗ್ರಾಮಫೋನ್ ತಟ್ಟೆ ಹೊರಬಂತು. ಆಮೇಲೆ ಅಮೆರಿಕದ ಸಂಗೀತ ರಚನಕಾರ್ತಿ ಪಾಲಿನ್ ಆಲಿವೆರೋಸ್ ಅವರ ತಂಡದೊಂದಿಗೆ, ಕ್ರೋನೋಸ್ ಚತುರ್ವಾದ್ಯ ತಂಡದೊಂದಿಗೆ ಕೆಲಸ ಮಾಡಿದ್ದಾರೆ.

ಒಂದು ಮಾತು ಸೇರಿಸಬೇಕು. ಸಭಿಕರ ತಲೆಯ ಮೇಲೆ ಹಾದುಹೋಗುವ ತಂತಿಗಳನ್ನು ಕೈಗವಸು ತೊಟ್ಟು ನುಡಿಸುವ ವಿಲಿಯಂ ಕ್ಲೋಸ್ ಅವರ ಭೂಮಿ ಹಾರ್ಪ್‌ನ ವಿಡಿಯೊಗಳೊಂದಿಗೆ ಇದನ್ನು ಬೆರೆಸಿಕೊಳ್ಳಬಾರದು. ಅವರು 1999ರಲ್ಲಿ ಮಾಲಿಬುವಿನ ಕಣಿವೆಯೊಂದಕ್ಕೆ ತಂತಿ ಎಳೆದು ಆರಂಭಿಸಿದರು, 2012ರಲ್ಲಿ ಅಮೆರಿಕದ ಟಿ.ವಿ. ಸ್ಪರ್ಧೆಯೊಂದರಲ್ಲಿ ಮೂರನೆಯ ಸ್ಥಾನ ಪಡೆದು ಹೆಸರಾದರು. ರಾಳ, ಸವರುವಿಕೆ, ನೀಳ ತರಂಗ ಎರಡರಲ್ಲೂ ಒಂದೇ. ಆದರೆ ಕ್ಲೋಸ್ ಅವರದು ದೊಡ್ಡ ಜನಸ್ತೋಮದ ವಾದ್ಯ, ಫುಲ್‌ಮನ್ ಅವರದು ಕಿವಿಯನ್ನು ಒಳಕ್ಕೆ ಎಳೆದುಕೊಳ್ಳುವ ವಾದ್ಯ. ನನ್ನ ಮನಸ್ಸು ಎರಡನೆಯದರ ಕಡೆಗೇ ಇದೆ.

ಉತ್ತರ 3 | ತಂಬೂರಿ ರಿಪೇರಿ, ಧಾರವಾಡ

ತಂಬೂರಿ, ಸಿತಾರ್‌ಗಳ ದುರಸ್ತಿ ನನ್ನ ವೃತ್ತಿ. ಮೇಲಿನ ಬರಹಗಳಲ್ಲಿ ಈ ವಾದ್ಯವನ್ನು ತಂಬೂರಿಗೆ ಹೋಲಿಸಿರುವುದು ಸಂತೋಷ ತಂದಿತು. ಆದರೆ ಆ ಹೋಲಿಕೆಯನ್ನು ಅರ್ಧದಾರಿಗೆ ನಿಲ್ಲಿಸಬೇಕೆಂದು ವಿನಯದಿಂದ ಹೇಳಬಯಸುತ್ತೇನೆ.

ತಂಬೂರಿಯ ಝೇಂಕಾರ ಹುಟ್ಟುವುದು ಕುದುರೆಯ ಮೇಲೆ, ಅಂದರೆ ತಂತಿಗಳನ್ನು ಹೊತ್ತು ನಿಲ್ಲುವ ಪಟ್ಟಿಯ ಮೇಲೆ. ಕುದುರೆಯ ಮೇಲ್ಮೈಯನ್ನು ಸ್ವಲ್ಪವೇ ಇಳಿಜಾರಾಗಿ ಉಜ್ಜಿ, ತಂತಿಯ ಕೆಳಗೆ ಜೀವಾಳಿಯ ದಾರವನ್ನು ಸರಿಸಿ ಕೂರಿಸಿದಾಗ, ಕಂಪಿಸುವ ತಂತಿ ಕುದುರೆಯನ್ನು ಸವರಿ ಸವರಿ ಬಿಡುತ್ತದೆ. ಯಾರೂ ಮೀಟದೆ ತಾನಾಗಿ ಹುಟ್ಟುವ ಸ್ವಯಂಭೂ ಗಾಂಧಾರ ಕೇಳಿಸುವುದು ಆ ಸವರಿಕೆಯಿಂದ. ಅದನ್ನು ಕಟ್ಟಿಕೊಡುವುದು ವಾದ್ಯ ಮಾಡಿದವನ ಕೈ ಮತ್ತು ಮೊದಲೇ ಕೂರಿಸಿದ ದಾರ, ಮೀಟುತ್ತಿರುವಾಗ ಅದನ್ನು ಬದಲಿಸಲಾಗದು. ಉದ್ದ ತಂತಿವಾದ್ಯದಲ್ಲಿ ಉಪಸ್ವರಗಳನ್ನು ಆರಿಸುವುದು ನುಡಿಸುವವರು ನಿಂತ ಜಾಗ. ತಂತಿಯಲ್ಲಿ ಯಾವ ಉಪಸ್ವರದ ಕಂಪನ ಎಲ್ಲಿ ಸೊನ್ನೆಯೋ ಅಲ್ಲಿ ಕೈಯಿಟ್ಟು ಅದನ್ನು ಎಬ್ಬಿಸಲಾಗದು. ನಡುವಿನಲ್ಲಿ ಸವರಿದರೆ ತಾರ ಷಡ್ಜದ ಉಪಸ್ವರ ಅಡಗುವುದು ಆ ಕಾರಣಕ್ಕೆ. ಎರಡೂ ನಾದಗಳು ಕಿವಿಗೆ ನೆಂಟರಂತೆ ಕೇಳಿಸಿದರೂ ಹುಟ್ಟಿದ ಮನೆ ಬೇರೆ. ಫುಲ್‌ಮನ್ ಅವರ ವಾದ್ಯದ ನಿಜವಾದ ಬಂಧು, ನನ್ನ ಅಭಿಪ್ರಾಯದಲ್ಲಿ, ಫ್ರಾನ್ಸಿನ ಬಾಷೆ ಸಹೋದರರು 1952ರಲ್ಲಿ ಮಾಡಿದ ಗಾಜಿನ ಸರಳುಗಳ ವಾದ್ಯ. ಅಲ್ಲಿಯೂ ಒದ್ದೆ ಬೆರಳಿನಿಂದ ಸರಳನ್ನು ಉದ್ದಕ್ಕೇ ಸವರುತ್ತಾರೆ.

ಸಾಗರದವರಿಗೆ ಕೆಲಸದ ಮಾತು. ಉಕ್ಕನ್ನು ಬಿಟ್ಟು ಹಿತ್ತಾಳೆ ತಂತಿ ಹಾಕಿ ನೋಡಿ. ವೇಗ ಕಡಿಮೆಯಾದ್ದರಿಂದ ಅದೇ ಉದ್ದಕ್ಕೆ ಸ್ವರ ಬಹಳ ಕೆಳಗೆ ಇಳಿಯುತ್ತದೆ, ನಿಮ್ಮ ಅಳತೆಗೆ 140 ಹರ್ಟ್ಸ್ ಹತ್ತಿರ, ಅಂದರೆ (ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ) ಒಂದೂವರೆ ಮನೆ ಶ್ರುತಿಯ ಸಮೀಪ. ಒಂದು ಮನೆ ಬೇಕೆಂದರೆ ಸುಮಾರು 13 ಮೀಟರ್ ಉದ್ದ ಹಿಡಿಯಿರಿ. ಇನ್ನೊಂದು, ಅಡ್ಡಕ್ಕೆ ಆಡುವ ತಂತಿ ಕುದುರೆಯನ್ನು ಮೇಲಿಂದ ಒತ್ತುತ್ತದೆ. ಇಲ್ಲಿ ತಂತಿ ಹಲಗೆಯನ್ನು ಹಿಂದೆ ಮುಂದೆ ಎಳೆಯುತ್ತದೆ. ಆದ್ದರಿಂದ ಹಲಗೆ ತಂತಿಗೆ ಎದುರಾಗಿ, ನೆಟ್ಟಗೆ ನಿಲ್ಲಬೇಕು, ತಂತಿ ಅದರ ನಡುಭಾಗದ ಹತ್ತಿರ ಕಟ್ಟಿಕೊಳ್ಳಬೇಕು. ನಿಮ್ಮ ಹಲಸಿನ ಹಲಗೆ ಬೆರಳುದಪ್ಪವಿದ್ದರೆ ಅದು ಅಷ್ಟಾಗಿ ಮಿಡಿಯದು, ತೆಳು ಹಲಗೆ ಇರಲಿ, ಹಿಂದೆ ಪಟ್ಟಿ ಕೊಡಿ.

ತಂತಿ ಕಡಿದರೆ ಕಣ್ಣಿಗೆ ಅಪಾಯ. ಬಿಗಿಯುವಾಗ ಕನ್ನಡಕ ಧರಿಸಿ, ತಂತಿಯ ಮೇಲೆ ಒದ್ದೆ ಗೋಣಿಚೀಲವೊಂದನ್ನು ಹಾಕಿಡಿ, ಮಕ್ಕಳನ್ನು ದೂರ ಇರಿಸಿ. ಬಿಗಿತದಿಂದ ಸ್ವರ ಏರದು ಎಂದು ಈಗ ತಿಳಿದಿದೆಯಾದ್ದರಿಂದ ಆರು ಸುತ್ತು ಬಿಗಿಯುವ ಅಗತ್ಯವೂ ಇಲ್ಲ.

ಪ್ರಶ್ನೆ ಕೇಳಿದವರಿಂದ | ಸಾಗರದ ಪಿಟೀಲು

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಏಕೆಂದರೆ ಮಾಡಿ ನೋಡದೆ ಬರೆಯಬಾರದೆಂದುಕೊಂಡಿದ್ದೆ.

ಹಿತ್ತಾಳೆಯ ಎರಡು ತಂತಿಗಳನ್ನು ಕಟ್ಟಿದೆ. ಪೆಟ್ಟಿಗೆಗೆ ತೆಳು ಹಲಗೆಯ ಮುಖ ಕೂರಿಸಿ ನೆಟ್ಟಗೆ ನಿಲ್ಲಿಸಿದೆ. ಮೊದಲ ತಂತಿ ಪೂರ್ತಿ 12.2 ಮೀಟರ್, ಅದೇ ಷಡ್ಜ. ಟ್ಯೂನರ್ 141 ತೋರಿಸಿತು. ಎರಡನೆಯದಕ್ಕೆ 8 ಮೀಟರ್ 13 ಸೆಂಟಿಮೀಟರಿಗೆ ಗುರುತು ಮಾಡಿ ಬಡಗಿಯವರ ಸಣ್ಣ ಕ್ಲ್ಯಾಂಪ್ ಕಚ್ಚಿಸಿದೆ. ಪಂಚಮ ಲೆಕ್ಕಕ್ಕಿಂತ ಸ್ವಲ್ಪ ಏರಿಯೇ ಕೇಳಿಸಿತು. ಕ್ಲ್ಯಾಂಪ್ ಹಗುರವಾದ್ದರಿಂದ ಅದೂ ತಂತಿಯ ಜೊತೆ ಆಡುತ್ತಿದೆ, ಅಲೆ ಪೂರ್ತಿಯಾಗಿ ಅಲ್ಲಿಗೆ ನಿಲ್ಲುತ್ತಿಲ್ಲ ಎಂದು ಊಹಿಸಿ ಭಾರದ ಕ್ಲ್ಯಾಂಪ್ ಹಾಕಿದ ಮೇಲೆ ಸ್ವರ ಟೇಪಿನ ಅಳತೆಯ ಸಮೀಪಕ್ಕೆ ಬಂತು. ಉಪನ್ಯಾಸಕರು ಈ ಊಹೆ ಸರಿಯೇ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಎರಡನ್ನೂ ಒಟ್ಟಿಗೆ ನುಡಿಸಲು ಒಂದು ತಂತಿಗೆ ನನ್ನ ತಂಗಿಯನ್ನು ನಿಲ್ಲಿಸಿದೆ. ಷಡ್ಜ ಪಂಚಮಗಳ ನಡುವೆ ಮೊದಲು ಅಲೆಯಲೆಯಾಗಿ ತೂಗುವಿಕೆ ಕೇಳುತ್ತಿತ್ತು, ಸೆಕೆಂಡಿಗೆ ಒಂದರಂತೆ. ಕ್ಲ್ಯಾಂಪನ್ನು ಒಂದು ಬೆರಳಗಲ ಸರಿಸಿದೆ, ತೂಗು ನಿಧಾನವಾಯಿತು. ಇನ್ನೊಂದು ಬೆರಳಗಲ ಸರಿಸಿದಾಗ ನಿಂತೇ ಹೋಯಿತು. ಪಿಟೀಲಿನ ಮೇಲೆ ಬೆರಳ ತುದಿಯನ್ನು ಕೂದಲೆಳೆಯಷ್ಟು ಸರಿಸಿ ಹುಡುಕುವ ಜಾಗವನ್ನು ಇಲ್ಲಿ ಎರಡು ಬೆರಳಗಲದಲ್ಲಿ ಕಣ್ಣಾರೆ ಕಂಡೆ. ಇಬ್ಬರೂ ಪೆಟ್ಟಿಗೆಯ ಕಡೆಯಿಂದ ಬಾಗಿಲ ಕಡೆಗೆ ನಡೆದೆವು. ಅವಳ ಹೆಜ್ಜೆ ನನಗಿಂತ ಚಿಕ್ಕದು, ಆದ್ದರಿಂದ ನಾನು ಎರಡು ಬಾರಿ ಕಾದು ನಿಲ್ಲಬೇಕಾಯಿತು, ನಿಂತ ಕೂಡಲೇ ನನ್ನ ಷಡ್ಜ ಆರಿತು. ಮೂರನೆಯ ಸಲ ಅವಳ ಹೆಜ್ಜೆಗೇ ಹೊಂದಿಕೊಂಡು ನಡೆದೆ. ಬಾಗಿಲು ತಲುಪುವವರೆಗೆ ಸ್ವರ ತುಂಡಾಗಲಿಲ್ಲ.

ಧಾರವಾಡದವರು ಹೇಳಿದಂತೆ ನಡುವಿನಲ್ಲಿ ನಾದ ಬೋಳಾಗಿ, ತುದಿಗೆ ಬಂದಂತೆ ಮೇಲಿನ ಸ್ವರಗಳು ಬಿಚ್ಚಿಕೊಳ್ಳುವುದು ನಮಗೂ ಕೇಳಿಸಿತು. ಮುಂದಿನ ತಂತಿ ಅಂತರ ಗಾಂಧಾರಕ್ಕೆ. 9 ಮೀಟರ್ 76 ಸೆಂಟಿಮೀಟರಿಗೆ ಸೀಮೆಸುಣ್ಣದಿಂದ ಗುರುತು ಹಾಕಿಟ್ಟಿದ್ದೇನೆ.

ಉತ್ತರ 4 | ನಿವೃತ್ತ ಉಪನ್ಯಾಸಕ, ಹಾಸನ

ನಿಮ್ಮ ಊಹೆ ಸರಿ. ನುಡಿಯುವ ಭಾಗದ ತಂತಿಯ ತೂಕ ಸುಮಾರು 13 ಗ್ರಾಂ. ಕ್ಲ್ಯಾಂಪ್ ಅದರ ಹಲವು ಪಟ್ಟು ಭಾರವಿದ್ದಷ್ಟೂ ಅದು ಗೋಡೆಯಂತೆ ವರ್ತಿಸುತ್ತದೆ. 100 ಗ್ರಾಮಿನದಾದರೆ ಸ್ವರ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು ಏರುತ್ತದೆ, 300 ಗ್ರಾಮಿನದಾದರೆ ನೂರಕ್ಕೆ ಅರ್ಧಕ್ಕಿಂತ ಕಡಿಮೆ. ಗಾಂಧಾರಕ್ಕೂ ಅದೇ ಭಾರದ ಕ್ಲ್ಯಾಂಪ್ ಬಳಸಿ, ಅಂತಿಮವಾಗಿ ಟೇಪನ್ನು ಬಿಟ್ಟು ತೂಗುವಿಕೆ ನಿಲ್ಲುವ ಜಾಗವನ್ನೇ ನಂಬಿರಿ. ಸಾಧ್ಯವಾದರೆ ಧ್ವನಿಮುದ್ರಿಕೆಯೊಂದನ್ನು ಇಲ್ಲಿ ಹಾಕಿ, ನನ್ನ ಹಳೆಯ ವಿದ್ಯಾರ್ಥಿಗಳಿಗೆ ಕೇಳಿಸಬೇಕೆಂದಿದ್ದೇನೆ.